ಅಮ್ಮನಿಗಾಗಿ ತಗ್ಗುವ ಪೋರ್ಶೆ: ಮುಂಬೈಯಲ್ಲಿ ಹಳೆಯ ಕಯೆನ್ ಡೀಸೆಲ್ ಜೊತೆ ಬಾಳ್ವೆ

ಈ ಗಾಡಿ ನೋಡಿದವರು ಕೇಳುವುದು ಎರಡೇ ಪ್ರಶ್ನೆ. ಮೈಲೇಜ್ ಎಷ್ಟು? ಇದು ನಿಜವಾದ ಪೋರ್ಶೆನಾ? ಮೊದಲನೆಯದು ಲಿಫ್ಟ್‌ನಲ್ಲಿ ಸಿಗುವ ಪಕ್ಕದ ಮನೆಯವರದ್ದು. ಎರಡನೆಯದು ಭಾನುವಾರ ಬೆಳಿಗ್ಗೆ ಮಾಟುಂಗಾದಲ್ಲಿ ಇಡ್ಲಿಗೆ ಕ್ಯೂ ನಿಲ್ಲುವ ನಮ್ಮ ಗೆಳೆಯರದ್ದು. ಮೈಲೇಜ್ ಊರೊಳಗೆ 8, ಹೆದ್ದಾರಿಯಲ್ಲಿ ಕಾಲು ಹಗುರವಾಗಿದ್ದರೆ 12. ಎರಡನೆಯ ಪ್ರಶ್ನೆಗೆ ಉತ್ತರ ಸ್ವಲ್ಪ ಉದ್ದ.

ನನ್ನದು ಪೋರ್ಶೆಯ ಎಸ್‌ಯುವಿ ಕಯೆನ್, ಎರಡನೇ ತಲೆಮಾರಿನದ್ದು, ಮೂರು ಲೀಟರ್ ಡೀಸೆಲ್. ದೆಹಲಿಯಿಂದ ತಂದದ್ದು. ನಾನು ಕೊಳ್ಳುವಾಗ ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ನಿಯಮ ಬಿಗಿಯಾಗಿತ್ತು. ಗಾಡಿಗೆ ವಯಸ್ಸಾಗುತ್ತಾ ಬಂದ ಹಾಗೆ ಮಾಲೀಕರು ಎನ್‌ಒಸಿ ತೆಗೆದು ಬೇರೆ ರಾಜ್ಯದವರಿಗೆ ಮಾರಿಬಿಡುತ್ತಿದ್ದರು. ಹಾಗಾಗಿ ಹೊಸ ಇನ್ನೋವಾ ಹೈಕ್ರಾಸ್‌ಗೆ ಕೊಡುವುದಕ್ಕಿಂತ ಕಡಿಮೆ ದುಡ್ಡಿಗೆ ಸಿಕ್ಕಿತು. ಮಹಾರಾಷ್ಟ್ರದ ರೋಡ್ ಟ್ಯಾಕ್ಸ್, ಹೊಸ ನಂಬರ್, ಅದಕ್ಕೆ ಅಲೆದಾಟ ಬೇರೆ. ಕುದುರೆ ಶಕ್ತಿ, ಟಾರ್ಕ್, ಸೊನ್ನೆಯಿಂದ ನೂರು ಎಲ್ಲಾ ನಿಮಗೆ ಬೇರೆ ಕಡೆ ಸಿಗುತ್ತೆ. ನಾನು ಬರೆಯುವುದು ಗೇರ್ ಲಿವರ್ ಹಿಂದಿರುವ ಒಂದು ಚಿಕ್ಕ ಗುಂಡಿಯ ಬಗ್ಗೆ.

ಈ ಗಾಡಿಯಲ್ಲಿ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿವೆ. ಗುಂಡಿಯನ್ನು ಮೇಲೆ ಒತ್ತಿದರೆ ಗಾಡಿ ಏಳುತ್ತದೆ, ಕೆಳಗೆ ಒತ್ತಿದರೆ ತಗ್ಗುತ್ತದೆ. ಅತ್ಯಂತ ಕೆಳಗಿನ ಹಂತ ಇರುವುದು ಸಾಮಾನು ಹೇರಲಿಕ್ಕೆ. ನಮ್ಮ ಮನೆಯಲ್ಲಿ ಅದು ಇರುವುದು ಅಮ್ಮನಿಗೆ.

ಅಮ್ಮನಿಗೆ ಎರಡೂ ಮಂಡಿ ನೋವು. ಸೀರೆ ಬಿಟ್ಟು ಬೇರೆ ಉಡುವವರಲ್ಲ. ಎತ್ತರದ ಗಾಡಿ ಹತ್ತಲು ಕಾಲು ಬರುವುದಿಲ್ಲ, ತೀರಾ ತಗ್ಗಿನ ಗಾಡಿಯಲ್ಲಿ ಕೂತರೆ ಏಳಲು ಬರುವುದಿಲ್ಲ. ಥಾಣೆಯ ನಮ್ಮ ಬಿಲ್ಡಿಂಗ್ ಕೆಳಗೆ ಗಾಡಿ ನಿಲ್ಲಿಸಿ ನಾನು ಗುಂಡಿ ಒತ್ತುತ್ತೇನೆ. ಮೊದಲು ಸಣ್ಣಗೆ ಉಸಿರು ಬಿಟ್ಟ ಸದ್ದು. ಆಮೇಲೆ ಎರಡು ಟನ್‌ಗಿಂತ ಜಾಸ್ತಿ ತೂಕದ ಗಾಡಿ, ಆನೆ ಮಾವುತನಿಗೆ ಮಂಡಿ ಊರಿದ ಹಾಗೆ, ನಿಧಾನಕ್ಕೆ ಇಳಿಯುತ್ತದೆ. ಅಮ್ಮ ಅದು ಪೂರ್ತಿ ನಿಲ್ಲುವ ತನಕ ಬಾಗಿಲು ಹಿಡಿದು ಕಾಯುತ್ತಾರೆ. ಮೊದಲು ಸೀಟಿನ ಅಂಚಿಗೆ ಕೂರುತ್ತಾರೆ, ನೆರಿಗೆ ಎತ್ತಿಕೊಂಡು ಕಾಲು ಒಂದೊಂದಾಗಿ ಒಳಗೆ ತರುತ್ತಾರೆ, ಬ್ಯಾಗನ್ನು ತೊಡೆಯ ಮೇಲಿಟ್ಟು "ಹ್ಞಾಂ, ಹೋಗುವ" ಅನ್ನುತ್ತಾರೆ. ಹೊರಟ ಮೇಲೆ ಗಾಡಿ ತಾನೇ ಮೇಲೇಳುತ್ತದೆ. ವಾಚ್‌ಮನ್ ಇದನ್ನು ದಿನಾ ನೋಡಿದರೂ ನಗುತ್ತಾನೆ. ಐದು ಸೆಂಟಿಮೀಟರ್ ಆಸುಪಾಸಿನ ವ್ಯತ್ಯಾಸ ಅಷ್ಟೆ, ಆದರೆ ಅಮ್ಮ ಈಗ ನನ್ನ ಕೈ ಹಿಡಿಯದೆ ಹತ್ತುತ್ತಾರೆ.

ತಮಾಷೆ ಏನೆಂದರೆ, ವೇಗ ಜಾಸ್ತಿಯಾದಾಗ ಈ ಗಾಡಿ ತಾನಾಗಿಯೇ ನೆಲಕ್ಕೆ ತಗ್ಗಿ ಓಡುತ್ತದೆ. ಅದು ಜರ್ಮನಿಯ ಹೆದ್ದಾರಿಗೆ ಮಾಡಿದ ವ್ಯವಸ್ಥೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ಕಾರುಗಳಿಗೆ 100ರ ಮಿತಿ, ಘಾಟಿಯಲ್ಲಿ ಇನ್ನೂ ಕಡಿಮೆ. ಕ್ಯಾಮೆರಾ ಬೇರೆ. ಹಾಗಾಗಿ ಕಾನೂನಿನ ಒಳಗಿದ್ದು ನನ್ನ ಪೋರ್ಶೆ ಸ್ಪೋರ್ಟ್ಸ್ ಕಾರಿನ ಹಾಗೆ ತಗ್ಗುವುದು ನಿಂತಲ್ಲಿ ಮಾತ್ರ, ಅಮ್ಮನ ಮುಂದೆ.

ಇದನ್ನು ಮಾಟುಂಗಾದಲ್ಲಿ ಹೇಳಿದರೆ ಜಗಳ ಗ್ಯಾರಂಟಿ. ನಮ್ಮಲ್ಲೊಬ್ಬ ಕುಂದಾಪುರದ ಗೆಳೆಯನಿದ್ದಾನೆ. ಅವನ ಪ್ರಕಾರ ಇಂಜಿನ್ ಹಿಂದೆ ಇಲ್ಲದ್ದು ಪೋರ್ಶೆಯೇ ಅಲ್ಲ. "ಎಂತ ಮಾರಾಯಾ, ಫೋಕ್ಸ್‌ವ್ಯಾಗನ್ ಟೂರೆಗ್‌ಗೆ ಮೂಗು ಬದಲಿಸಿ ನಿನಗೆ ಮಾರಿದ್ದಾರೆ" ಅನ್ನುತ್ತಾನೆ. ಪೂರ್ತಿ ಸುಳ್ಳಲ್ಲ. 2002ರಲ್ಲಿ ಮೊದಲ ಕಯೆನ್ ಬಂದಾಗಲೇ ಅದರ ಅಡಿಪಾಯ ಟೂರೆಗ್ ಜೊತೆ ಹಂಚಿಕೊಂಡದ್ದು. ಸ್ಲೊವಾಕಿಯಾದ ಬ್ರಾಟಿಸ್ಲಾವಾದಲ್ಲಿ ತಯಾರಾದ ಬಾಡಿ ಜರ್ಮನಿಯ ಲೈಪ್ಜಿಗ್‌ಗೆ ಬಂದು ಅಲ್ಲಿ ಗಾಡಿ ಪೂರ್ತಿಯಾಗುತ್ತಿತ್ತು. ಆಗ ಹಳೆಯ ಅಭಿಮಾನಿಗಳು ಬಾಯಿಗೆ ಬಂದ ಹಾಗೆ ಬೈದಿದ್ದರು.

ಆದರೆ ಅದಕ್ಕೂ ಹಿಂದಿನದ್ದು ನೋಡಬೇಕಲ್ವಾ? 90ರ ದಶಕದ ಶುರುವಿನಲ್ಲಿ ಪೋರ್ಶೆ ಮುಳುಗುವ ಸ್ಥಿತಿಯಲ್ಲಿತ್ತು. ವೆಂಡೆಲಿನ್ ವೀಡೆಕಿಂಗ್ ಮುಖ್ಯಸ್ಥರಾಗಿ ಬಂದು ಖರ್ಚು ಕತ್ತರಿಸಿದರು. 1996ರಲ್ಲಿ ಬಾಕ್ಸ್‌ಸ್ಟರ್ ಅನ್ನುವ ಎರಡು ಸೀಟಿನ ಕಾರು ಬಂತು, ಕಂಪನಿ ಉಸಿರಾಡಿತು. ಕಾಲಿನ ಮೇಲೆ ಗಟ್ಟಿಯಾಗಿ ನಿಂತದ್ದು ಕಯೆನ್ ಬಂದ ಮೇಲೆ. 2023ರಲ್ಲಿ ಪೋರ್ಶೆ ಮಾರಿದ್ದು ಸುಮಾರು 3.2 ಲಕ್ಷ ಗಾಡಿ. ಅದರಲ್ಲಿ ಕಯೆನ್ ಮತ್ತು ಅದಕ್ಕಿಂತ ಚಿಕ್ಕ ಎಸ್‌ಯುವಿ ಮಕಾನ್ ಸೇರಿ 1.75 ಲಕ್ಷದ ಹತ್ತಿರ. ಗೆಳೆಯ ಆರಾಧಿಸುವ, ಇಂಜಿನ್ ಹಿಂದಿರುವ ಸ್ಪೋರ್ಟ್ಸ್ ಕಾರು 911 ಸುಮಾರು 50 ಸಾವಿರ. ಅಂದರೆ ಸ್ಕೂಲಿಗೆ ಮಕ್ಕಳನ್ನು ಬಿಡುವ ಅಪ್ಪ ಅಮ್ಮಂದಿರ ದುಡ್ಡಿನಲ್ಲಿ ಅವನ 911 ಬದುಕಿದೆ. ಇದನ್ನು ಹೇಳಿದಾಗ ಅವನು ಎರಡನೇ ಕಾಫಿ ಹೇಳುತ್ತಾನೆ, ವಿಷಯ ಬದಲಿಸುತ್ತಾನೆ.

ಬದಲಿಸಿ ಹೋಗುವುದು ಎಲ್ಲಿಗೆ? ಫೆರಾರಿಗೆ. ಅವರು ಪುರೊಸಾಂಗ್ವೆ ಅಂತ ನಾಲ್ಕು ಬಾಗಿಲಿನದ್ದು 2022ರಲ್ಲಿ ತಂದರು. ಅದಕ್ಕೆ ಎಸ್‌ಯುವಿ ಅನ್ನಲು ಅವರಿಗೇ ನಾಚಿಕೆ. ಆದರೆ ಒಳಗೆ ಇಟ್ಟದ್ದು 6.5 ಲೀಟರ್‌ನ ವಿ12 ಇಂಜಿನ್, ಟರ್ಬೊ ಇಲ್ಲದ್ದು. ಹಿಂದಿನ ಬಾಗಿಲು ಉಲ್ಟಾ ತೆರೆಯುತ್ತದೆ. ಇದನ್ನು ಗೆಳೆಯ ಒಪ್ಪುತ್ತಾನೆ. ಲಂಬೋರ್ಗಿನಿಯ ಎಸ್‌ಯುವಿ ಉರುಸ್ ಅನ್ನು ಒಪ್ಪುವುದಿಲ್ಲ, ಯಾಕೆಂದರೆ ಅದರ ಅಡಿಪಾಯ ಈಗಿನ ಕಯೆನ್, ಆಡಿ ಕ್ಯೂ8ರದ್ದೇ. ಟ್ರ್ಯಾಕ್ಟರ್ ಮಾಡಿ ದೊಡ್ಡವರಾದವರು ಲಂಬೋರ್ಗಿನಿ. 1986ರಲ್ಲೇ ತಮ್ಮ ಸ್ಪೋರ್ಟ್ಸ್ ಕಾರು ಕೌಂಟಾಶ್‌ನ ವಿ12 ಹಾಕಿ ಎಲ್‌ಎಂ002 ಅನ್ನುವ ರಾಕ್ಷಸ ಗಾಡಿ ಮಾಡಿದ್ದರು. ಅವರಿಗೆ ಎತ್ತರದ ಗಾಡಿ ಹೊಸದಲ್ಲ. 2019ರಲ್ಲಿ ಅವರು ಮಾರಿದ 8,205ರಲ್ಲಿ 4,962 ಉರುಸ್. ಬಾಂದ್ರಾ ಕಡೆ ಸಂಜೆ ಹೋದರೆ ಯಾಕೆ ಅಂತ ಗೊತ್ತಾಗುತ್ತೆ. ತಗ್ಗಿನ ಲಂಬೋರ್ಗಿನಿ ಸ್ಪೀಡ್ ಬ್ರೇಕರ್ ಎದುರು ಅಡ್ಡಡ್ಡ ನಿಂತು ತಿಣುಕುವಾಗ ಉರುಸ್ ಸುಮ್ನೆ ದಾಟಿ ಹೋಗುತ್ತದೆ.

ನನ್ನ ಮಟ್ಟಿಗೆ ಕಯೆನ್ ಪೋರ್ಶೆ ಹೌದೋ ಅಲ್ಲವೋ ಅನ್ನುವುದು ಎರಡು ಕಡೆ ತಿಳಿಯುತ್ತದೆ. ಒಂದು ಬೋರ್ ಘಾಟ್ ಇಳಿಯುವಾಗ ಬ್ರೇಕ್ ಮೇಲೆ ಕಾಲಿಟ್ಟಾಗ. ಇನ್ನೊಂದು ಕೀ ತಿರುಗಿಸುವಾಗ. ಕೀ ಇರುವುದು ಬಾಗಿಲ ಕಡೆ. ಹಿಂದೆ ಫ್ರಾನ್ಸಿನ ಲೆ ಮಾನ್ಸ್ ಕಾರ್ ರೇಸಿನಲ್ಲಿ ಚಾಲಕರು ಓಡಿ ಬಂದು ಗಾಡಿ ಹತ್ತಬೇಕಿತ್ತು. ಒಂದು ಕೈ ಕೀ ತಿರುಗಿಸಬೇಕು, ಇನ್ನೊಂದು ಗೇರ್ ಹಾಕಬೇಕು, ಅದಕ್ಕೆ ಹಾಗೆ ಅನ್ನುವುದು ಪೋರ್ಶೆಯವರ ಕಥೆ. 1969ರ ನಂತರ ಹಾಗೆ ಓಡಿ ಬಂದು ಹತ್ತುವುದು ನಿಂತುಹೋಯಿತು. ಕೀ ಜಾಗ ಮಾತ್ರ ಬದಲಾಗಲಿಲ್ಲ. ತರಕಾರಿ ತರಲು ಹೋಗುವಾಗಲೂ ನಾನು ಹಾಗೆಯೇ ತಿರುಗಿಸುವುದು.

ಇನ್ನು ಕಹಿ ಮಾತು. ಹೋದ ಮಳೆಗಾಲದಲ್ಲಿ ಒಂದು ಬೆಳಿಗ್ಗೆ ಕೆಳಗೆ ಬಂದರೆ ಗಾಡಿಯ ಹಿಂದಿನ ಎಡ ಮೂಲೆ ಕುಸಿದಿತ್ತು. ನಾನು ಯಾವ ಗುಂಡಿಯನ್ನೂ ಒತ್ತಿರಲಿಲ್ಲ. ಸ್ಟಾರ್ಟ್ ಮಾಡಿದರೆ ಚೀಲಕ್ಕೆ ಗಾಳಿ ತುಂಬುವ ಕಂಪ್ರೆಸರ್ ಗುರ್ ಅಂತ ಓಡಿ ಮೇಲೆತ್ತಿತು, ಮಾರನೇ ದಿನ ಮತ್ತೆ ಅದೇ ಕಥೆ. ರಬ್ಬರ್, ಪೈಪು, ಸೀಲು ಅಂದ ಮೇಲೆ ವಯಸ್ಸಾದಾಗ ಗಾಳಿ ಸೋರುವುದು ಇದ್ದದ್ದೇ, ಯಾವ ಕಂಪನಿಯ ಗಾಡಿಯಾದರೂ. ನನಗೆ ಸಿಟ್ಟು ಬಂದದ್ದು ವರ್ಕ್‌ಶಾಪಿನ ಮೇಲೆ. ಹೆಸರು ಬೇಡ. ಗಾಜಿನ ಬಾಗಿಲು, ಎಸಿ, ಕುಡಿಯಲು ಕ್ಯಾಪುಚಿನೊ. ಕಂಪ್ಯೂಟರ್ ಚುಚ್ಚಿ ನೋಡಿದವರು ಗಾಡಿಯ ಅಡಿಗೆ ಬಗ್ಗಿಯೂ ನೋಡಲಿಲ್ಲ. ಹಿಂದಿನ ಎರಡೂ ಸ್ಟ್ರಟ್ (ಅಂದರೆ ಗಾಳಿಚೀಲದ ಜೋಡಣೆ), ಕಂಪ್ರೆಸರ್, ಗಾಳಿ ಹಂಚುವ ವಾಲ್ವ್ ಬ್ಲಾಕ್, ಎಲ್ಲಾ ಬದಲಿಸಬೇಕು ಅಂದರು. ಎಸ್ಟಿಮೇಟ್‌ನಲ್ಲಿ ಹೊಸ ಆಲ್ಟೊ ಬರುತ್ತಿತ್ತು. ಒಂದು ಬದಿ ಸೋರಿದರೆ ಎರಡೂ ಯಾಕೆ ಅಂತ ಕೇಳಿದ್ದಕ್ಕೆ "ಸರ್, ಪೋರ್ಶೆ ಇಟ್ಟುಕೊಂಡು ಹೀಗೆ ಕೇಳಬಾರದು" ಅನ್ನುವ ಅರ್ಥದ ನಗು.

ಕುರ್ಲಾದ ಗಲ್ಲಿಯೊಂದರಲ್ಲಿ ಒಬ್ಬ ಮೆಕ್ಯಾನಿಕ್ ಸಿಕ್ಕಿದರು. ಬಕೆಟ್‌ನಲ್ಲಿ ಸೋಪಿನ ನೀರು ಕಲಸಿ, ಹಳೆಯ ಶೇವಿಂಗ್ ಬ್ರಷ್ಷಿನಲ್ಲಿ ಚೀಲಕ್ಕೆಲ್ಲಾ ಬಳಿದರು. ಚೀಲದಲ್ಲಿ ಏನೂ ಇಲ್ಲ. ಪೈಪು ಬಂದು ಕೂಡುವ ಹಿತ್ತಾಳೆ ಫಿಟ್ಟಿಂಗಿನ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು, ಒಂದರ ಹಿಂದೆ ಒಂದು. ಪೈಪಿನ ತುದಿ ಕತ್ತರಿಸಿ ಹೊಸ ಫಿಟ್ಟಿಂಗ್ ಹಾಕಿದರು. ಖರ್ಚು ಮನೆಮಂದಿಯೆಲ್ಲ ಒಂದು ರಾತ್ರಿ ಹೋಟೆಲಿನಲ್ಲಿ ಉಂಡಷ್ಟು. "ಇನ್ನೂ ಹೀಗೇ ಓಡಿಸಿದ್ದರೆ ಕಂಪ್ರೆಸರ್ ಸುಟ್ಟುಹೋಗುತ್ತಿತ್ತು" ಅಂದರು. ಸರಿಯೇ. ಸೋರಿದ್ದನ್ನು ತುಂಬಲು ಅದು ಬಿಡುವಿಲ್ಲದೆ ಓಡಬೇಕಲ್ಲ.

ಆದರೂ ಅಂದಿನಿಂದ ನನ್ನ ನೆಮ್ಮದಿ ಸ್ವಲ್ಪ ಕೆಟ್ಟಿದೆ. ಬೆಳಿಗ್ಗೆ ಮೊದಲ ಕೆಲಸ ಬಾಲ್ಕನಿಯಿಂದ ಬಗ್ಗಿ ಗಾಡಿ ಸಮನಾಗಿ ನಿಂತಿದೆಯಾ ನೋಡುವುದು. ಒಂದರ ಮೇಲೊಂದು ಗಾಡಿ ನಿಲ್ಲಿಸುವ ಸೊಸೈಟಿಯ ಸ್ಟ್ಯಾಕ್ ಪಾರ್ಕಿಂಗ್‌ನಲ್ಲಿ ಇದರ ತೂಕಕ್ಕೆ ಮೇಲಿನ ಹಲಗೆ ಕೊಡುವುದಿಲ್ಲ, ಅಗಲಕ್ಕೆ ಕೆಳಗಿನದ್ದೂ ಸಾಲುವುದಿಲ್ಲ. ಬಯಲಲ್ಲೇ ನಿಲ್ಲಬೇಕು, ಮಳೆಯಲ್ಲೇ ನೆನೆಯಬೇಕು. ಪಂಕ್ಚರ್ ಅಂಗಡಿಯಲ್ಲಿ ಜಾಕ್ ಹಾಕುವ ಮುಂಚೆ ಎತ್ತರದ ವ್ಯವಸ್ಥೆಯನ್ನು ಬಂದ್ ಮಾಡಬೇಕು ಅಂತ ಪ್ರತಿ ಹುಡುಗನಿಗೂ ಹೇಳಬೇಕು. ಇಲ್ಲದಿದ್ದರೆ ಗಾಡಿ ತಾನೇ ಸಮ ಮಾಡಿಕೊಳ್ಳಲು ಹೊರಡುತ್ತದೆ.

ಊರಿಗೆ ಹೋಗುವಾಗ ಮಾತ್ರ ಈ ಸಿಟ್ಟೆಲ್ಲಾ ಇಳಿಯುತ್ತದೆ. ಪನ್ವೇಲ್ ದಾಟಿ ಗೋವಾ ಹೆದ್ದಾರಿ ಹಿಡಿದರೆ, ಕಾಮಗಾರಿ ಮುಗಿಯದ ಕಡೆ ಗುಂಡಿ ಒತ್ತಿ ಗಾಡಿ ಏರಿಸುವುದು, ಒಳ್ಳೆ ರಸ್ತೆ ಬಂದಾಗ ಇಳಿಸುವುದು. ಅಮ್ಮ ಹಿಂದಿನ ಸೀಟಿನಲ್ಲಿ ಮಹಾಡ್ ತನಕ ನಿದ್ದೆ. ಸಾಮಾನ್ಯ ಗಾಡಿಯಲ್ಲಿ ಅವರು ಅದಕ್ಕಿಂತ ಎಷ್ಟೋ ಮೊದಲು ಬರುವ ಪೆಣ್‌ಗೇ ಎದ್ದು ಸೊಂಟ ಹಿಡಿದುಕೊಳ್ಳುತ್ತಿದ್ದರು.

ಕೊಳ್ಳುವವರಿಗೆ ಒಂದೇ ಮಾತು. ಟೆಸ್ಟ್ ಡ್ರೈವ್ ಬೇಕಾದರೆ ಚಿಕ್ಕದು ಮಾಡಿ. ಗಾಡಿಯನ್ನು ಒಂದು ರಾತ್ರಿ ಆಫ್ ಮಾಡಿ ನಿಲ್ಲಿಸಲು ಹೇಳಿ. ಸಂಜೆ ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿನ ತನಕ ನಾಲ್ಕೂ ಕಡೆ ಟೇಪು ಹಿಡಿಯಿರಿ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮುಂಚೆ ಮತ್ತೆ ಹಿಡಿಯಿರಿ. ಒಂದು ಮೂಲೆ ಮಾತ್ರ ಇಳಿದಿದ್ದರೆ ಆ ಲೆಕ್ಕದಲ್ಲಿ ಚೌಕಾಶಿ ಮಾಡಿ. ಮಾರುವವನು ರಾತ್ರಿ ನಿಲ್ಲಿಸಲು ಒಪ್ಪದಿದ್ದರೆ ಬೇರೆ ಗಾಡಿ ನೋಡಿ.

ನನ್ನದನ್ನು ಕೊಡುತ್ತೀರಾ ಅಂತ ಇಬ್ಬರು ಕೇಳಿದ್ದಾರೆ, ಒಬ್ಬ ಅದೇ ಕುಂದಾಪುರದವನು. ಅವನ ಅಪ್ಪನಿಗೂ ಈಗ ಮಂಡಿ ನೋವಂತೆ. ಸದ್ಯಕ್ಕೆ ಇಲ್ಲ ಅಂದಿದ್ದೇನೆ. ನಾಲ್ಕು ಟೈರ್ ಬದಲಿಸುವ ಹೊತ್ತು ಬಂದಾಗ ಕೇಳು, ಆಗ ಮಾತಾಡುವ.