ಗಿಟ್ ಫ್ಲೋ ವಿಮರ್ಶೆ: ಗಂಜಿನ ಸಾಫ್ಟ್‌ವೇರಿಗೆ ಸೈ, ವೆಬ್‌ಸೈಟಿಗೆ ಭಾರ

ಕಲಬುರಗಿ ನೆಹರೂ ಗಂಜ್ ಮಾರುಕಟ್ಟೆಯ ಅಡತಿ (ದಲಾಲಿ) ಅಂಗಡಿಗಳಿಗೆ ತಕ್ಕಪಟ್ಟಿ, ಅಂದರೆ ರೈತರ ಮಾಲಿನ ಲೆಕ್ಕದ ಚೀಟಿ, ಮಾಡುವ ಸಾಫ್ಟ್‌ವೇರ್ ಹಾಕಿಕೊಡುವವರಿಗೆ ಒಂದು ಮಾತು ಗೊತ್ತಿರುತ್ತದೆ: ತೊಗರಿ ಆವಕ ಜೋರಿದ್ದಾಗ ಯಾವ ಸಾಹುಕಾರರೂ ಅಪ್‌ಡೇಟಿಗೆ ಕಂಪ್ಯೂಟರ್ ಬಿಟ್ಟುಕೊಡುವುದಿಲ್ಲ. ಹೀಗಾಗಿ ಒಂದು ಅಂಗಡಿಯಲ್ಲಿ 2.3 ಆವೃತ್ತಿ, ಪಕ್ಕದಲ್ಲಿ 2.4 ಓಡುತ್ತಿರುತ್ತದೆ. ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಟೂಲ್ ಗಿಟ್; ಅದರಲ್ಲಿ ಬ್ರ್ಯಾಂಚ್‌ಗಳನ್ನು, ಅಂದರೆ ಕೋಡಿನ ಕವಲುಗಳನ್ನು, ನಡೆಸುವ ಒಂದು ಪದ್ಧತಿ ಗಿಟ್ ಫ್ಲೋ. ಅದು ಬೇಕೋ ಬೇಡವೋ ಅನ್ನುವುದು ತೀರ್ಮಾನವಾಗುವುದು ಇಲ್ಲಿಯೇ, ತಂಡದ ಗಾತ್ರದಿಂದಲ್ಲ.

ಸಾಫ್ಟ್‌ವೇರ್ ಎಂಜಿನಿಯರ್ ವಿನ್ಸೆಂಟ್ ಡ್ರೀಸನ್ 2010ರ ಜನವರಿಯಲ್ಲಿ ಮುಂದಿಟ್ಟ ಈ ಪದ್ಧತಿಯಲ್ಲಿ ಸದಾ ಇರುವ ಬ್ರ್ಯಾಂಚ್ ಎರಡು: ಗ್ರಾಹಕರಿಗೆ ಹೋದ ಕೋಡ್ ಮೇನ್‌ನಲ್ಲಿ (ಮೂಲದಲ್ಲಿ ಅದರ ಹೆಸರು ಮಾಸ್ಟರ್), ಮುಂದಿನದು ಡೆವಲಪ್‌ನಲ್ಲಿ. ಫೀಚರ್ (ಹೊಸ ಸೌಲಭ್ಯ), ರಿಲೀಸ್ (ಬಿಡುಗಡೆಯ ತಯಾರಿ), ಹಾಟ್‌ಫಿಕ್ಸ್ (ಬಿಡುಗಡೆಯಾದ ಕೋಡಿನ ತುರ್ತು ದುರಸ್ತಿ) ಬ್ರ್ಯಾಂಚ್‌ಗಳು ಬಂದು ಹೋಗುವಂಥವು. ವೆಬ್ ಆ್ಯಪ್ ಮಾಡಿ ದಿನವೂ ಬಿಡುಗಡೆ ಮಾಡುವವರಿಗೆ ಇದಕ್ಕಿಂತ ಸರಳವಾದದ್ದು ಸಾಕು ಎಂದು 2020ರಲ್ಲಿ ಅವರೇ ಟಿಪ್ಪಣಿ ಸೇರಿಸಿದರು. ಆ ಟಿಪ್ಪಣಿ ಓದದೆಯೇ ಎಷ್ಟೋ ತಂಡಗಳು ಇದನ್ನು ಹೊತ್ತುಕೊಂಡು ತಿರುಗುತ್ತಿವೆ.

ಇದರ ಕಸುವು, ಕೊರತೆ ಎರಡೂ ಕಾಣುವುದು ಹಾಟ್‌ಫಿಕ್ಸ್‌ನಲ್ಲಿ. 2.3.0ರಲ್ಲಿ ಹಮಾಲಿ ಲೆಕ್ಕದ ಪೈಸೆ ರೌಂಡಿಂಗ್ ತಪ್ಪಿದೆ ಎನ್ನಿ. ಮೇನ್‌ನಿಂದ ಬ್ರ್ಯಾಂಚ್ ತೆಗೆದು, ಸರಿಮಾಡಿ, 2.3.1 ಎಂದು ನಂಬರ್ ಏರಿಸಿ, ಮೇನ್‌ಗೆ ಮರ್ಜ್ ಮಾಡಿ (ಸೇರಿಸಿ) ಟ್ಯಾಗ್, ಅಂದರೆ ಆವೃತ್ತಿಯ ಗುರುತು, ಹಾಕುತ್ತೀರಿ. ಅರ್ಧ ತಯಾರಾದ ಹೊಸ ಕೆಲಸ ಅಂಗಡಿಗೆ ಹೋಗುವುದಿಲ್ಲ, ಅದು ದೊಡ್ಡ ಲಾಭ. ಆದರೆ ಅದೇ ತಿದ್ದುಪಡಿ ಡೆವಲಪ್‌ಗೂ ಹೋಗಬೇಕು. ಅಂಗಡಿಯಿಂದ ಫೋನ್ ಬರುವುದು ನಿಂತ ಕೂಡಲೇ ಮರೆತುಹೋಗುವುದು ಇದೊಂದೇ. ಮುಂದೆ 2.4 ಹೋದಾಗ ಹಳೆಯ ಪೈಸೆ ತಪ್ಪು ಮರಳಿ ಬಂದು ಕೂತಿರುತ್ತದೆ. ಪತ್ತೆಗೆ ಒಂದು ಕಮಾಂಡ್ ಸಾಕು: ಗಿಟ್ ಲಾಗ್ --ನೋ-ಮರ್ಜಸ್ ಡೆವಲಪ್..ಮೇನ್. ಮೇನ್‌ನಲ್ಲಿದ್ದು ಡೆವಲಪ್‌ನಲ್ಲಿ ಇಲ್ಲದ್ದನ್ನು ಅದು ತೋರಿಸುತ್ತದೆ. ಏನೂ ಬರದಿದ್ದರೆ ಸರಿ, ಒಂದು ಕಮಿಟ್ (ದಾಖಲಾದ ಬದಲಾವಣೆ) ಬಂದರೂ ಅದು ಡೆವಲಪ್‌ಗೆ ಸೇರಿಲ್ಲ. ರಿಲೀಸ್ ಬ್ರ್ಯಾಂಚ್ ತೆರೆದಿರುವಾಗ ಹಾಟ್‌ಫಿಕ್ಸ್ ಬಂದರೆ ಅದನ್ನು ಡೆವಲಪ್ ಬದಲು ರಿಲೀಸ್‌ಗೆ ಮರ್ಜ್ ಮಾಡಬೇಕು. ಆಗ ಆ ರಿಲೀಸ್ ಮುಗಿಯುವವರೆಗೂ ಈ ಪಟ್ಟಿ ಖಾಲಿ ಇರುವುದಿಲ್ಲ.

ಕೊರತೆ ಏನೆಂದರೆ, ಹಾಟ್‌ಫಿಕ್ಸ್ ತೀರಾ ಇತ್ತೀಚಿನ ಆವೃತ್ತಿಗೆ ಮಾತ್ರ. ಮೇನ್ 2.4ಕ್ಕೆ ಹೋದ ಮೇಲೆ 2.3ರ ಅಂಗಡಿಯಲ್ಲಿ ತಪ್ಪು ಸಿಕ್ಕರೆ ಮೂಲ ಪದ್ಧತಿಯಲ್ಲಿ ಉತ್ತರವಿಲ್ಲ. 2.3ರ ಕೊನೆಯ ಟ್ಯಾಗ್‌ನಿಂದ ಸಪೋರ್ಟ್ ಬ್ರ್ಯಾಂಚ್ ತೆಗೆದು, ತಿದ್ದುಪಡಿಯನ್ನು ಚೆರಿ-ಪಿಕ್ ಮಾಡಿ (ಆ ಕಮಿಟನ್ನಷ್ಟೇ ನಕಲಿಸಿ), ಅಲ್ಲಿಯೇ ಹೊಸ ಟ್ಯಾಗ್ ಹಾಕಿ. ಅದನ್ನು ಮೇನ್‌ಗೆ ಮರ್ಜ್ ಮಾಡಬೇಡಿ.

ಫೀಚರ್‌ಗಳನ್ನು --ನೋ-ಎಫ್‌ಎಫ್ ಹಾಕಿ ಮರ್ಜ್ ಮಾಡುವ ನಿಯಮ ಒಳ್ಳೆಯದು. ಹಾಗೆ ಮಾಡಿದರೆ ಮರ್ಜ್‌ಗೆ ಅದರದೇ ಒಂದು ಕಮಿಟ್ ಉಳಿಯುವುದರಿಂದ ಇಡೀ ಫೀಚರ್ ಹಿಂದಕ್ಕೆ ತೆಗೆಯಲು ಗಿಟ್ ರಿವರ್ಟ್ -ಎಂ 1 ಸಾಕು. ಆದರೆ ಅದೇ ಬ್ರ್ಯಾಂಚನ್ನು ಸುಧಾರಿಸಿ ಮತ್ತೆ ಮರ್ಜ್ ಮಾಡಿದರೆ ಹಳೆಯ ಕಮಿಟ್‌ಗಳ ಬದಲಾವಣೆ ಬರುವುದಿಲ್ಲ, ಗಿಟ್ ಅವನ್ನು ಸೇರಿಯಾಗಿದೆ ಎಂದೇ ಎಣಿಸುತ್ತದೆ. ಮೊದಲು ಆ ರಿವರ್ಟನ್ನೇ ರಿವರ್ಟ್ ಮಾಡಬೇಕು.

ಇನ್ನು ಕನ್ನಡದ ಪೇಚು. ತಕ್ಕಪಟ್ಟಿ ಎಂದು ಫೈಲಿಗೆ ಹೆಸರಿಟ್ಟರೆ ಗಿಟ್ ಸ್ಟೇಟಸ್ ಅದನ್ನು 340, 262, 244 ಎಂದು ಅಂಕಿಗಳ ಸಾಲಾಗಿ ತೋರಿಸುತ್ತದೆ. ಆ ಮೂರು ಅಂಕಿ ಸೇರಿದರೆ ಒಂದು ‘ತ’. ಕೋರ್.ಕೋಟ್‌ಪಾತ್ ಎಂಬ ಸೆಟ್ಟಿಂಗನ್ನು ಫಾಲ್ಸ್ ಮಾಡಿದರೆ ಅಕ್ಷರ ಕಾಣುತ್ತದೆ. ಹಳೆಯ ನೋಟ್‌ಪ್ಯಾಡಿನಲ್ಲಿ ‘ಯೂನಿಕೋಡ್’ ಆರಿಸಿ ಉಳಿಸಿದ ಫೈಲ್ ಯುಟಿಎಫ್-16 (ಅಕ್ಷರಗಳನ್ನು ಉಳಿಸುವ ಒಂದು ವಿಧಾನ) ಆಗಿರುತ್ತದೆ. ಗಿಟ್ ಅದನ್ನು ಬೈನರಿ (ಪಠ್ಯವಲ್ಲದ ಫೈಲ್) ಎಂದು ತಿಳಿದು ಸಾಲುಸಾಲಾಗಿ ಮರ್ಜ್ ಮಾಡುವುದಿಲ್ಲ. ಯುಟಿಎಫ್-8ಕ್ಕೆ ಬದಲಿಸಿಕೊಳ್ಳಿ. ಪರದೆಯ ಕನ್ನಡ ಪದಗಳೆಲ್ಲ ಒಂದೇ ಫೈಲಿನಲ್ಲಿದ್ದು ಎಲ್ಲರೂ ಕೊನೆಗೇ ಸಾಲು ಸೇರಿಸುತ್ತ ಹೋದರೆ ಪ್ರತಿ ಮರ್ಜ್‌ಗೂ ಕಾನ್‌ಫ್ಲಿಕ್ಟ್ (ಬದಲಾವಣೆಗಳ ತಿಕ್ಕಾಟ) ಖಾತ್ರಿ. ಫೀಚರ್ ಬ್ರ್ಯಾಂಚ್ ಹೆಚ್ಚು ದಿನ ಬದುಕಿದಷ್ಟೂ ಇದು ಜಾಸ್ತಿ. ಕೀಗಳನ್ನು (ಪ್ರತಿ ಪದದ ಗುರುತಿನ ಹೆಸರುಗಳನ್ನು) ಅಕಾರಾದಿಯಲ್ಲಿಟ್ಟರೆ ಬಹಳಷ್ಟು ತಪ್ಪುತ್ತದೆ.

ಗಿಟ್ ಫ್ಲೋ ಹೆಸರಿನ ಕಮಾಂಡ್ ಟೂಲ್ ಬೇಕೇಬೇಕೆಂದೇನಿಲ್ಲ. ಹೆಚ್ಚು ಬಳಕೆಯಲ್ಲಿದ್ದ ಎವಿಎಚ್ ಆವೃತ್ತಿಯ ಕೆಲಸವೂ ನಿಂತಿದೆ. ಬರೀ ಗಿಟ್ ಸಾಕು.

ಅಂಗಡಿ ಅಂಗಡಿಗೆ ಹಾಕಿಕೊಡುವ ಸಾಫ್ಟ್‌ವೇರಿಗೆ ಐದರಲ್ಲಿ ನಾಲ್ಕು. ಬೀದರಿನ ಬಿದರಿ ಮಳಿಗೆಯ ವೆಬ್‌ಸೈಟಿನಂಥದ್ದಕ್ಕೆ ಒಂದೂವರೆ: ಅಲ್ಲಿ ಓಡುವುದೇ ಒಂದು ಆವೃತ್ತಿ, ಡೆವಲಪ್ ಯಾಕೆ? ಒಂದು ಮೇನ್, ಒಂದೆರಡು ದಿನದ ಸಣ್ಣ ಬ್ರ್ಯಾಂಚ್, ಪುಲ್ ರಿಕ್ವೆಸ್ಟ್ (ನೋಡಿ ಸೇರಿಸಿಕೊಳ್ಳಿ ಎಂಬ ಕೋರಿಕೆ), ಮರ್ಜ್. ಈಗಾಗಲೇ ಸಿಕ್ಕಿಕೊಂಡ ತಂಡ ಮೊದಲು ಡೆವಲಪನ್ನು ಮೇನ್‌ಗೆ ಮರ್ಜ್ ಮಾಡಲಿ, ಆಮೇಲೆ ಡಿಫಾಲ್ಟ್ ಬ್ರ್ಯಾಂಚ್, ಬಾಕಿ ಪುಲ್ ರಿಕ್ವೆಸ್ಟ್‌ಗಳ ಗುರಿ ಎರಡನ್ನೂ ಮೇನ್‌ಗೆ ತಿರುಗಿಸಲಿ. ಗಿಟ್ ಲಾಗ್ ಮೇನ್..ಡೆವಲಪ್ ಖಾಲಿ ಬಂದ ಮೇಲೆಯೇ ಡೆವಲಪ್ ಅಳಿಸುವುದು, ಅದೂ ಅದರ ತುದಿಗೊಂದು ಟ್ಯಾಗ್ ಹಾಕಿಟ್ಟು.