50 ಸಾವಿರದ ಗೇಮಿಂಗ್ ಕಂಪ್ಯೂಟರ್: ಚಿಕ್ಕಮಗಳೂರಿನ ಕರೆಂಟಿಗೆ ತಾಳುವ ಪಾರ್ಟ್ಸ್

ನಾನು ಮನೆ ವೈರಿಂಗ್ ಕೆಲಸದವನು. ಮಗಳಿಗೆ ಗೇಮಿಂಗ್ ಕಂಪ್ಯೂಟರ್ ಬೇಕಿತ್ತು, ಕೈಯಲ್ಲಿದ್ದದ್ದು 50 ಸಾವಿರದ ಆಸುಪಾಸು. ಎಲ್ಲರೂ ಲೆಕ್ಕವನ್ನು ಗ್ರಾಫಿಕ್ಸ್ ಕಾರ್ಡಿನಿಂದ ಶುರು ಮಾಡುತ್ತಾರೆ. ನಾನು ಎಸ್‌ಎಂಪಿಎಸ್‌ನಿಂದ, ಅಂದರೆ ಒಳಗಿನ ಪಾರ್ಟುಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈನಿಂದ ಶುರು ಮಾಡಿದೆ. ಚಿಕ್ಕಮಗಳೂರಿನ ಮಳೆಗಾಲ ಕಂಡವರಿಗೆ ಯಾಕೆ ಅಂತ ಹೇಳಬೇಕಾಗಿಲ್ಲ. ಒಂದು ಕೊಂಬೆ ತಂತಿ ಮೇಲೆ ಬಿದ್ದರೆ ಸಾಕು, ಕರೆಂಟ್ ಹೋಗಿ ಬಂದು, ಹೋಗಿ ಬಂದು ಮಾಡುತ್ತದೆ.

2024ರಲ್ಲಿ ನಾವು ಕೂಡಿಸಿದ್ದು ಇದು: ರೈಜನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ್‍ಯಾಮ್, 8 ಜಿಬಿಯ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 550 ವಾಟ್ ಬ್ರಾಂಜ್ (ಕರೆಂಟ್ ಪೋಲಾಗದಿರುವುದಕ್ಕೆ ಕೊಡುವ ದರ್ಜೆ) ಎಸ್‌ಎಂಪಿಎಸ್. ಮಾನಿಟರ್ ಮೊದಲೇ ಇತ್ತು. ಎರಡು ಮಳೆಗಾಲ ಕಳೆದಿದೆ, ಇವತ್ತಿನವರೆಗೆ ಒಂದು ಪಾರ್ಟೂ ಕೈಕೊಟ್ಟಿಲ್ಲ. ಆಗಿನ ಬೆಲೆಯಲ್ಲಿ ಈ ದುಡ್ಡಿಗೆ ನಾನು ಧೈರ್ಯವಾಗಿ ಹೇಳುವ ಸೆಟ್ ಇದು.

ಊರಿನ ಒಂದು ಅಂಗಡಿಯಲ್ಲಿ ಮೊದಲು ತೋರಿಸಿದ್ದು ರೆಡಿ ಸೆಟ್. ಗಾಜಿನ ಕ್ಯಾಬಿನೆಟ್, ಬಣ್ಣದ ಫ್ಯಾನುಗಳು, ಮೇಲೆ 'ಐ5 ಗೇಮಿಂಗ್' ಅಂತ ಸ್ಟಿಕ್ಕರ್. ಯಾವ ಐ5 ಅಂತ ಕೇಳಿದರೆ 3470. ಅದು 2012ರದ್ದು. ಜೊತೆಗೆ ಜಿಟಿ 730 ಕಾರ್ಡ್, ಅದು 2014ರದ್ದು. ಮಗಳು ಆಡುವುದು ವ್ಯಾಲೊರಂಟ್. ವಿಂಡೋಸ್ 11ರಲ್ಲಿ ಆ ಆಟ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳನ್ನು ಕೇಳುತ್ತದೆ, ಆ ಕಾಲದ ಬೋರ್ಡಿನಲ್ಲಿ ಟಿಪಿಎಂ 2.0 ಎಲ್ಲಿಂದ ಬರಬೇಕು? ವಿಂಡೋಸ್ 10ಕ್ಕೆ 2025ರ ಅಕ್ಟೋಬರ್‌ನಲ್ಲಿ ಕಂಪನಿಯ ಬೆಂಬಲವೂ ನಿಂತಿತು. ಹಾಗಾಗಿ 'ಐ5', 'ಐ7' ಅಂತ ಹೆಸರು ಕೇಳಿ ಸುಮ್ಮನಾಗಬೇಡಿ, ಹಿಂದಿನ ನಂಬರ್ ಕೇಳಿ.

ಈಗ ಎಸ್‌ಎಂಪಿಎಸ್ ವಿಷಯ. ಡಬ್ಬದ ಮೇಲೆ ದಪ್ಪಕ್ಷರದಲ್ಲಿರುವ ವಾಟ್ ನಂಬಬೇಡಿ. ಪೀಸನ್ನು ಹೊರಗೆ ತೆಗೆಸಿ ಪಕ್ಕದ ಲೇಬಲ್ ಓದಿ. ಅಲ್ಲಿ 12 ವೋಲ್ಟ್ ಅಂತ ಒಂದು ಕಾಲಂ ಇರುತ್ತದೆ, ಕೆಳಗೆ ಆಂಪ್ಸ್. ಪ್ರೊಸೆಸರ್‌ಗೂ ಗ್ರಾಫಿಕ್ಸ್ ಕಾರ್ಡಿಗೂ ಕರೆಂಟ್ ಹೋಗುವುದು ಮುಖ್ಯವಾಗಿ ಆ ಲೈನಿನಿಂದಲೇ. ಆ ರೆಡಿ ಸೆಟ್ಟಿನಲ್ಲಿದ್ದ ಹೆಸರಿಲ್ಲದ ಪೀಸಿನ ಮೇಲೆ 450 ವಾಟ್ ಅಂತ ಬರೆದಿತ್ತು. 12 ವೋಲ್ಟ್ ಕೆಳಗೆ 16 ಆಂಪ್ಸ್. ಗುಣಿಸಿದರೆ 192 ವಾಟ್ ಆಯಿತು. ಆರ್‌ಎಕ್ಸ್ 6600 ಒಂದೇ 132 ವಾಟ್, ಪ್ರೊಸೆಸರ್ 65. ಅಲ್ಲಿಗೇ 192 ದಾಟಿತು, ಅಲ್ವಾ? ನಾವು ತಂದದ್ದರಲ್ಲಿ 45 ಆಂಪ್ಸ್, ಅಂದರೆ 540 ವಾಟ್. ಹಿಡಿದರೆ ತೂಕದಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು, ಕಾರ್ಡಿಗೆ ಬೇಕಾದ 8 ಪಿನ್ ವೈರ್ ಎಸ್‌ಎಂಪಿಎಸ್‌ನಿಂದಲೇ ಬಂದಿರಬೇಕು. ಹಳೆ ಹಾರ್ಡ್‌ಡಿಸ್ಕ್ ಪಿನ್ನಿಗೆ ಕನ್ವರ್ಟರ್ ಸಿಕ್ಕಿಸಿ ಕೊಡುತ್ತೇನೆ ಅಂದರೆ ಬೇಡ ಅನ್ನಿ. ಆ ಜಾಯಿಂಟ್ ಬಿಸಿಯಾಗಿ ಕರಗಬಹುದು.

ನಮ್ಮ ಕಡೆ ಇನ್ವರ್ಟರ್ ಇರುವ ಮನೆ ಜಾಸ್ತಿ. ಕಂಪ್ಯೂಟರನ್ನು ಅದರ ಲೈನಿಗೆ ಕೊಡುವ ಮುಂಚೆ ಅದು ಸೈನ್ ವೇವ್ (ಲೈನ್ ಕರೆಂಟಿನ ಹಾಗೆ ನಯವಾದ ಅಲೆ ಕೊಡುವುದು) ಹೌದೋ ಅಲ್ಲವೋ ನೋಡಿ. ಈಗಿನ ಒಳ್ಳೆಯ ಎಸ್‌ಎಂಪಿಎಸ್‌ಗಳಲ್ಲಿ ಆಕ್ಟಿವ್ ಪಿಎಫ್‌ಸಿ ಎಂಬ, ಲೈನಿನಿಂದ ಕರೆಂಟ್ ಎಳೆಯುವುದನ್ನು ಸರಿಪಡಿಸುವ ಸರ್ಕ್ಯೂಟ್ ಇರುತ್ತದೆ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಅವು ಗುಂಯ್ ಅನ್ನುತ್ತವೆ, ಕೆಲವು ಆಫ್ ಆಗುತ್ತವೆ. ಸೈನ್ ವೇವ್ ಆಗಿದ್ದರೆ ಅದರ ಯುಪಿಎಸ್ ಮೋಡ್ ಸ್ವಿಚ್ ಹಾಕಿ. ಇಲ್ಲದಿದ್ದರೆ ಕರೆಂಟ್ ಹೋದಾಗ ಬ್ಯಾಟರಿಗೆ ತಿರುಗುವಷ್ಟರಲ್ಲಿ ಕಂಪ್ಯೂಟರ್ ರೀಸ್ಟಾರ್ಟ್ ಆಗಿರುತ್ತದೆ.

ಅರ್ಥಿಂಗ್ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಕ್ಯಾಬಿನೆಟ್ ಮುಟ್ಟಿದಾಗ ಜುಮ್ ಅನ್ನುತ್ತದೆ ಅಂತ ಎಷ್ಟೋ ಮನೆಯಿಂದ ಫೋನ್ ಬರುತ್ತದೆ. ಹೋಗಿ ನೋಡಿದರೆ ಸಾಮಾನ್ಯವಾಗಿ ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್. ಎಸ್‌ಎಂಪಿಎಸ್ ಒಳಗೆ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಕ್ಯಾಬಿನೆಟ್ಟಿಗೆ ಸೇರಿರುತ್ತವೆ. ಅರ್ಥ್ ಕಿತ್ತರೆ ಕ್ಯಾಬಿನೆಟ್ ಮೇಲೆ 230 ವೋಲ್ಟಿನ ಅರ್ಧ ನಿಲ್ಲುತ್ತದೆ. ಟೆಸ್ಟರ್ ಹಿಡಿದರೆ ಉರಿಯುತ್ತದೆ. ಕಂಪ್ಯೂಟರ್ ತರುವ ಮುಂಚೆ ನಾನು ಆ ಪಾಯಿಂಟಿಗೆ ಬೇರೆ ಅರ್ಥ್ ವೈರ್ ಎಳೆದೆ. ಗುಡುಗು ಮಿಂಚು ಇರುವ ಏಪ್ರಿಲ್, ಮೇ ಸಂಜೆಗಳಲ್ಲಿ ಪ್ಲಗ್ ಕಿತ್ತಿಡುತ್ತೇವೆ. ಲ್ಯಾನ್ ಕೇಬಲ್ಲನ್ನೂ ಕೀಳಬೇಕು, ಸಿಡಿಲಿನ ಏಟು ಆ ದಾರಿಯಿಂದಲೂ ಬರುತ್ತದೆ.

ಇಷ್ಟಾದ ಮೇಲೆ ಕಾರ್ಡ್. ಆಗ ಅದೇ ಬೆಲೆಗೆ ಎನ್‌ವಿಡಿಯಾದ ಆರ್‌ಟಿಎಕ್ಸ್ 3050ಯೂ ಸಿಗುತ್ತಿತ್ತು. ಬರೀ ಆಟಕ್ಕೆ ಆರ್‌ಎಕ್ಸ್ 6600 ಅದಕ್ಕಿಂತ ಮುಂದೆ. ವಿಡಿಯೋ ಎಡಿಟಿಂಗ್, 3ಡಿ ಕೆಲಸ ಇರುವವರು ಎನ್‌ವಿಡಿಯಾ ಕಡೆಯೇ ನೋಡುವುದು ಒಳ್ಳೆಯದು. 1080ಪಿ ಮಾನಿಟರ್‌ಗೆ ಆರ್‌ಎಕ್ಸ್ 6600 ಧಾರಾಳ. ವ್ಯಾಲೊರಂಟ್ ಸೆಕೆಂಡಿಗೆ 144 ಫ್ರೇಮಿಗೂ ಮೀರಿ ಓಡುತ್ತದೆ. ಬೆಳಕು ನೆರಳನ್ನು ನಿಜದಂತೆ ತೋರಿಸುವ ರೇ ಟ್ರೇಸಿಂಗ್ ಆನ್ ಮಾಡಿದರೆ ಮಾತ್ರ ಏದುಸಿರು ಬಿಡುತ್ತದೆ, ಅದನ್ನು ನಾವು ಆಫ್ ಮಾಡಿಯೇ ಇಟ್ಟಿದ್ದೇವೆ. ಸದ್ದು ಕಡಿಮೆ, ಬಿಸಿಯೂ ಕಡಿಮೆ.

5600ರ ಜೊತೆ ಡಬ್ಬದಲ್ಲೇ ಕೂಲರ್ ಬರುತ್ತದೆ, ಬೇರೆ ಬೇಕಿಲ್ಲ. ಈ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ. ಮಾನಿಟರ್ ಕೇಬಲ್ಲನ್ನು ಕಾರ್ಡಿಗೇ ಹಾಕಬೇಕು, ಮದರ್‌ಬೋರ್ಡಿಗೆ ಹಾಕಿದರೆ ಪರದೆ ಕಪ್ಪು. ಒಂದೇ 16 ಜಿಬಿ ರ್‍ಯಾಮ್‌ಗಿಂತ 8ರ ಎರಡು ಮೇಲು. ನಾಲ್ಕು ಸ್ಲಾಟ್ ಇದ್ದರೆ ಸಾಮಾನ್ಯವಾಗಿ ಎರಡನೆಯದಕ್ಕೆ ಮತ್ತು ನಾಲ್ಕನೆಯದಕ್ಕೆ ಹಾಕಬೇಕು. ಬಯಾಸ್‌ಗೆ (ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ, ರ್‍ಯಾಮನ್ನು ಅದರ ಪೂರ್ಣ ವೇಗಕ್ಕೆ ತರುವ ಎಕ್ಸ್‌ಎಂಪಿ ಆನ್ ಮಾಡಿ, ಇಲ್ಲದಿದ್ದರೆ 3200ರ ವೇಗಕ್ಕೆ ದುಡ್ಡು ಕೊಟ್ಟು ಅದಕ್ಕಿಂತ ಕಡಿಮೆ ವೇಗದಲ್ಲಿ ಓಡಿಸಿದ ಹಾಗೆ. ಕ್ಯಾಬಿನೆಟ್ ಯಾವುದಾದರೂ ಸರಿ, ಮುಂದುಗಡೆ ಜಾಲರಿ ಇರಲಿ.

ಪ್ರೊಸೆಸರ್, ಬೋರ್ಡ್, ಎಸ್‌ಎಂಪಿಎಸ್ ಊರಿನಲ್ಲೇ ತಗೊಂಡೆವು, ಕಾರ್ಡ್ ಬೆಂಗಳೂರಿನ ಎಸ್‌ಪಿ ರಸ್ತೆಯಿಂದ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ, ಫೋನಿನಲ್ಲಿ ಫೋಟೋ ತೆಗೆದಿಡಿ. ಬಿಲ್ ಇಲ್ಲದೆ ಸಾವಿರ ಕಡಿಮೆ ಅಂದರೆ ಒಪ್ಪಬೇಡಿ. ಕೆಟ್ಟರೆ ವಾರಂಟಿಗೆ ಆ ಚೀಟಿಯೇ ದಾರಿ.

2025ರ ಕೊನೆಯಿಂದ ರ್‍ಯಾಮ್ ಬೆಲೆ ತುಂಬಾ ಏರಿದೆ, ನಮ್ಮ ಬೆಲೆಗೆ ಈಗ ಸಿಗುವುದಿಲ್ಲ. ಅದಕ್ಕಾಗಿ ಎಸ್‌ಎಂಪಿಎಸ್‌ನಲ್ಲಿ ಉಳಿಸಲು ಹೋಗಬೇಡಿ, ಕ್ಯಾಬಿನೆಟ್ಟಿನಲ್ಲಿ ಉಳಿಸಿ. ಸ್ವಲ್ಪ ದುಡ್ಡು ಮಿಕ್ಕಿದರೆ ಎಸ್‌ಎಸ್‌ಡಿಯನ್ನು 1 ಟಿಬಿ ಮಾಡಿಕೊಳ್ಳಿ. ಒಂದೊಂದು ದೊಡ್ಡ ಆಟ 100 ಜಿಬಿ ದಾಟುತ್ತದೆ, ಮಗಳು ಈಗ ಹೊಸದು ಹಾಕಬೇಕಾದರೆ ಹಳೆಯದು ಒಂದನ್ನು ತೆಗೆಯುತ್ತಾಳೆ.