ಕೊಡಗಿನ ಮಳೆಗಾಲದಲ್ಲಿ ಉಳಿ, ತೋಪಡಕ್ಕೆ ತುಕ್ಕು: ಮೇಣವೋ, ಎಣ್ಣೆಯೋ, ಸಿಲಿಕಾ ಜೆಲ್ಲೋ?

ಜೇನುಮೇಣದ ಪೇಸ್ಟ್. ಉತ್ತರ ಇಷ್ಟೇ ಬೇಕಿದ್ದವರು ಪೇಸ್ಟ್ ಮಾಡುವ ವಿಧಾನ ಇರುವಲ್ಲಿಗೆ ನೇರ ಹೋಗಬಹುದು. ಉಳಿದ ನಾಲ್ಕು ದಾರಿಗಳು (ಸ್ಪ್ರೇ, ಎಣ್ಣೆ, ತೇವ ಹೀರುವ ಸಿಲಿಕಾ ಜೆಲ್, ಕಪಾಟಿಗೆ ಬಲ್ಬ್) ಎಲ್ಲಿ ಕೈಕೊಡುತ್ತವೆ, ಎಲ್ಲಿ ಮೇಣಕ್ಕಿಂತ ಮೇಲು ಅನ್ನುವುದೂ ತಿಳಿದಿರಬೇಕು. ಯಾಕೆಂದರೆ ಒಂದೇ ಮದ್ದು ಎಲ್ಲ ಉಪಕರಣಕ್ಕೂ ಆಗುವುದಿಲ್ಲ.

ಹೋಲಿಸಿದ್ದು ಹೀಗೆ. ಒಂದೇ ಎಂ.ಎಸ್. (ಮೈಲ್ಡ್ ಸ್ಟೀಲ್, ಸಾದಾ ಉಕ್ಕು) ಪಟ್ಟಿಯಿಂದ ನಾಲ್ಕಿಂಚಿನ ತುಂಡುಗಳನ್ನು ಕತ್ತರಿಸಿ, 220 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೆ ಒಂದೊಂದು ಬಗೆಯದನ್ನು ಹಚ್ಚಿ, ಕಕ್ಕಡ ತಿಂಗಳು (ಜುಲೈ ಮಧ್ಯ) ಹಿಡಿದಾಗಿನಿಂದ ಕೈಲ್ ಮುಹೂರ್ತದ ಹಬ್ಬದವರೆಗೆ (ಸೆಪ್ಟೆಂಬರ್ ಮೊದಲ ವಾರ) ಶೆಡ್ಡಿನಲ್ಲಿ ತೂಗುಹಾಕಿದ್ದು. ಏನೂ ಹಚ್ಚದ ತುಂಡು ಮೂರನೇ ಬೆಳಿಗ್ಗೆಗೇ ಕಂದು ಚುಕ್ಕಿ ತೋರಿಸಿತು. ಶೆಡ್ಡು ಮಡಿಕೇರಿ ಕಡೆಯದು. ಕುಶಾಲನಗರದ ಕಡೆ ಮಳೆ ಎಷ್ಟೋ ಕಡಿಮೆ, ಅಲ್ಲಿ ಯಾವ ಎಣ್ಣೆ ಸವರಿದರೂ ನಡೆದೀತು. ಈ ಬರಹ ಭಾಗಮಂಡಲ, ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಸುತ್ತ ಗೋಡೆಗೇ ಬೂಷ್ಟು ಹಿಡಿಯುವ ಮನೆಗಳವರಿಗೆ.

ತುಕ್ಕಿಗೆ ಮಳೆನೀರೇ ಬೇಕಾಗಿಲ್ಲ. ಗಾಳಿಯ ತೇವಾಂಶ ಸುಮಾರು 60% ದಾಟಿದರೆ ಬರಿಯ ಕಬ್ಬಿಣ ತುಕ್ಕು ಹಿಡಿಯುವ ವೇಗ ಜೋರಾಗುತ್ತದೆ. ಜುಲೈನಲ್ಲಿ ನಮ್ಮಲ್ಲಿ ಅದು ದಿನಗಟ್ಟಲೆ 90ರ ಮೇಲೇ ನಿಂತಿರುತ್ತದೆ. ಇದರ ಮೇಲೆ ಇಬ್ಬನಿಯ ಕಾಟ ಬೇರೆ. ಕೆಲಸದ ತುಂಡನ್ನು ಬಿಗಿಹಿಡಿಯುವ ವೈಸ್, ಮರ ಹೆರೆಯುವ ಕಬ್ಬಿಣದ ತೋಪಡದಂಥ ಭಾರದ ವಸ್ತುಗಳು ರಾತ್ರಿ ತಣ್ಣಗಾದರೆ ಬೇಗ ಬೆಚ್ಚಗಾಗುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗ ಒಳಗೆ ಬರುವ ಹಸಿ ಗಾಳಿ ಅವುಗಳ ಮೇಲೆ ನೀರಾಗಿ ಕೂರುತ್ತದೆ. ಕೈಬೆವರಿನ ಉಪ್ಪು ಸೇರಿದರಂತೂ ಬೆರಳಚ್ಚಿನ ಆಕಾರದಲ್ಲೇ ತುಕ್ಕು ಏಳುತ್ತದೆ.

ಸ್ಪ್ರೇ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಾರ್ಡ್‌ವೇರ್ ಅಂಗಡಿಯಲ್ಲಿ ತುಕ್ಕಿಗೆ ಮದ್ದು ಕೇಳಿದರೆ ಮೊದಲು ಕೈಗೆ ಬರುವುದು ಇದೇ. ನೀರು ಓಡಿಸಲು, ಕಚ್ಚಿಕೊಂಡ ನಟ್ಟು ಬಿಡಿಸಲು ಇದಕ್ಕಿಂತ ಸಲೀಸಾದದ್ದಿಲ್ಲ. ಆದರೆ ಅದರಲ್ಲಿ ಹೆಚ್ಚಿನ ಪಾಲು ಹಾರಿಹೋಗುವ ದ್ರಾವಕ. ಉಳಿಯುವ ಪದರ ಬಹಳ ತೆಳು. ಹತ್ತನೇ ದಿನಕ್ಕೆ ಅಂಚುಗಳಲ್ಲಿ ಚುಕ್ಕಿ ಬಂತು. ಅಂಥದೇ ಡಬ್ಬಿಯಲ್ಲಿ, ಒಣಗಿದ ಮೇಲೆ ಮೇಣದಂಥ ಪೊರೆ ಬಿಡುವ ಬೇರೆ ಸ್ಪ್ರೇಗಳೂ ಇವೆ. ಅವು ಬಾಳುತ್ತವೆ, ಆದರೆ ಬೆಲೆ ಹೆಚ್ಚು. ಡಬ್ಬಿಯ ಮೇಲಿನ ಬರಹ ಓದಿಯೇ ಕೊಳ್ಳಿ.

ತೆಂಗಿನೆಣ್ಣೆ ಬೇಡ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ. ಹಳತಾಗಿ ಕಮಟಾದರೆ ಅದರಲ್ಲಿನ ಕೊಬ್ಬಿನಾಮ್ಲಗಳೇ ಲೋಹವನ್ನು ತಿನ್ನುತ್ತವೆ, ಹಿತ್ತಾಳೆಯ ಮೇಲೆ ಹಸಿರು ಕಟ್ಟುತ್ತದೆ. ಬಳಸಿ ಬಿಟ್ಟ ಇಂಜಿನ್ ಆಯಿಲ್ಲೂ ಬೇಡ: ಆಮ್ಲ, ಕರಿ, ಮರದ ಮೇಲೆ ಅಳಿಸಲಾಗದ ಕಲೆ, ಜೊತೆಗೆ ಚರ್ಮಕ್ಕೂ ಕೆಟ್ಟದ್ದು.

ಹೊಲಿಗೆ ಮೆಷಿನ್ ಎಣ್ಣೆಗೆ ಎರಡನೇ ಸ್ಥಾನ, ಅದೂ ಮರ್ಯಾದೆಯ ಎರಡನೇ ಸ್ಥಾನ. ಅಂಟಾಗುವುದಿಲ್ಲ, ನಾರುವುದಿಲ್ಲ, ಎಲ್ಲ ಊರಲ್ಲೂ ಸಿಗುತ್ತದೆ. ಡ್ರಿಲ್ಲಿನ ಚಕ್, ಇಕ್ಕಳದ ಕೀಲು, ವೈಸಿನ ತಿರುಪು ಇಂಥ ಕಡೆ ಮೇಣಕ್ಕಿಂತ ಇದೇ ಸರಿ. ಮೇಣ ಅಲ್ಲಿ ಮರದ ಹೊಟ್ಟನ್ನು ಹಿಡಿದು ಕೊಳೆಯಾಗುತ್ತದೆ. ಎಣ್ಣೆಯ ಕೊರತೆ ಒಂದೇ, ಅದು ಇಳಿದುಹೋಗುತ್ತದೆ. ತೂಗುಹಾಕಿದ ಪಟ್ಟಿಯಲ್ಲಿ ಎರಡು ವಾರಕ್ಕೆ ಮೇಲಿನ ಅರ್ಧ ಒಣಗಿ, ಕೆಳಗಿನ ತುದಿಯಲ್ಲಿ ಹನಿ ನಿಂತಿತ್ತು, ತುಕ್ಕು ಮೇಲಿನ ತುದಿಯಿಂದಲೇ ಶುರುವಾಗಿತ್ತು. ವಾರಕ್ಕೊಮ್ಮೆ ಬಟ್ಟೆ ಹಿಡಿದು ಎಲ್ಲವನ್ನೂ ಸವರುವ ಶಿಸ್ತು ಇದ್ದವರಿಗೆ ಎಣ್ಣೆಯೊಂದೇ ಸಾಕು.

ಇನ್ನು ಸಿಲಿಕಾ ಜೆಲ್. ಹೆಚ್ಚು ದುಡ್ಡು ದಂಡವಾಗುವುದು ಇಲ್ಲೇ, ಆದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು.

ಮರದ ಕಪಾಟಿನಲ್ಲಿ ಉಪಕರಣ ಜೋಡಿಸಿ, ಒಂದು ನೂರು ಗ್ರಾಮಿನ ಚೀಲ ಇಟ್ಟು, ಬಾಗಿಲು ಹಾಕಿದರೆ ಮಳೆಗಾಲ ಕಳೆಯಿತು ಅನ್ನುವ ನಂಬಿಕೆ ಬಹಳ ಜನರಿಗಿದೆ. ಲೆಕ್ಕ ಹಾಕಿ ನೋಡಿ. 20 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 17 ಗ್ರಾಂ ನೀರಾವಿ ಹಿಡಿಯುತ್ತದೆ. 200 ಲೀಟರಿನ ಕಪಾಟಿನಲ್ಲಿ ಅದು ಸುಮಾರು ಮೂರೂವರೆ ಗ್ರಾಂ. ತೇವಾಂಶವನ್ನು 95ರಿಂದ 50ಕ್ಕೆ ಇಳಿಸಲು ಒಂದೂವರೆ ಗ್ರಾಂ ನೀರು ತೆಗೆದರೆ ಸಾಕು. ನೂರು ಗ್ರಾಂ ಜೆಲ್ ಆ ಮಟ್ಟದಲ್ಲಿ ಸುಮಾರು 25 ಗ್ರಾಂ ಹೀರುತ್ತದೆ. ಧಾರಾಳವಾಯಿತು ಅನಿಸುತ್ತದೆ. ಆದರೆ ಕಪಾಟು ಡಬ್ಬಿಯಲ್ಲ. ಬಾಗಿಲ ಸಂದು, ಹಿಂಬದಿಯ ಪ್ಲೈವುಡ್ಡಿನ ಅಂಚು, ಬೀಗದ ತೂತು, ಇಷ್ಟು ಕಡೆಯಿಂದ ಗಾಳಿ ಗಂಟೆಗೊಮ್ಮೆ ಬದಲಾದರೂ ಗಂಟೆಗೆ ಒಂದೂವರೆ ಗ್ರಾಂ ನೀರು ಹೊಸದಾಗಿ ಬಂತು. ಒಂದು ಹಗಲು, ಒಂದು ರಾತ್ರಿಯೊಳಗೆ ಚೀಲ ಮುಗಿಯಿತು. ಆಮೇಲೆ ಅದು ಬರೀ ಮಣಿಗಳ ಪೊಟ್ಟಣ.

ಗಾಳಿಯಾಡದ ಡಬ್ಬಿಗೆ ಹಾಕಿದರೂ ಇನ್ನೊಂದು ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ: ಮರದ ಹಿಡಿ. ಮಳೆಗಾಲದ ಮರ ತನ್ನ ತೂಕದ 18% ಆಸುಪಾಸು ನೀರನ್ನು ಹಿಡಿದುಕೊಂಡಿರುತ್ತದೆ. ಅರ್ಧ ಕಿಲೋದ ಕೊಡತಿಯೊಂದನ್ನು ಜೆಲ್ ಜೊತೆ ಮುಚ್ಚಿಟ್ಟರೆ, ಆ ಮರ 10%ಗೆ ಇಳಿಯುವಷ್ಟರಲ್ಲಿ ಹೊರಗೆ ಬಿಡುವ ನೀರೇ 35 ಗ್ರಾಂ ಹತ್ತಿರ. ಅಂದರೆ ಜೆಲ್ ಒಣಗಿಸುತ್ತಿರುವುದು ಕಬ್ಬಿಣದ ಸುತ್ತಲ ಗಾಳಿಯನ್ನಲ್ಲ, ಕೊಡತಿಯನ್ನು. ಜೆಲ್ ತುಂಬಿದ ಮೇಲೂ ಮರ ನೀರು ಬಿಡುತ್ತಲೇ ಇರುತ್ತದೆ, ಮುಚ್ಚಳ ಹಾಕಿದ ಡಬ್ಬಿಯಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಹೀಗೆ ಮುಚ್ಚಿಟ್ಟ ಉಳಿಗಳಲ್ಲಿ ತುಕ್ಕು ಬರುವುದು ಬಾಯಲ್ಲಲ್ಲ, ಹಿಡಿ ಸೇರುವ ಕುತ್ತಿಗೆಯಲ್ಲಿ. ಜೆಲ್ ಚೆನ್ನಾಗಿ ಕೆಲಸ ಮಾಡಿದರೂ ಕಷ್ಟವೇ: ಹಿಡಿ ಕುಗ್ಗಿ ಸಡಿಲವಾಗುತ್ತದೆ, ಮರದ ತೋಪಡದ ತಳ ಬಾಗುತ್ತದೆ.

ಹಾಗಾಗಿ ಸಿಲಿಕಾ ಜೆಲ್‌ಗೆ ಜಾಗ ಒಂದೇ. ಮುಚ್ಚಳದಲ್ಲಿ ರಬ್ಬರ್ ಪಟ್ಟಿಯಿರುವ ಐದು-ಹತ್ತು ಲೀಟರಿನ ಡಬ್ಬಿ, ಒಳಗೆ ಬರೀ ಲೋಹ: ಡ್ರಿಲ್ ಬಿಟ್, ರೂಟರ್ ಬಿಟ್, ತಿರುಪಿನ ಗೆರೆ ಕೊರೆಯುವ ಟ್ಯಾಪ್, ಅಳತೆಯ ಕ್ಯಾಲಿಪರ್, ತೋಪಡದ ಹೆಚ್ಚುವರಿ ಅಲಗು. ಹತ್ತು ಲೀಟರಿಗೆ 50 ಗ್ರಾಂ ಜೆಲ್ ಇಟ್ಟರೆ ಡಬ್ಬಿಯನ್ನು ನೂರು ಸಲ ತೆರೆದು ಮುಚ್ಚಿದರೂ ತಡೆಯುತ್ತದೆ. ಬಿಟ್‌ಗಳು ಬಂದ ರಟ್ಟಿನ ಪೆಟ್ಟಿಗೆ, ಕಾಗದ, ಫೋಮ್ ಒಳಗೆ ಬೇಡ. ಅವೂ ಮರದ ಹಾಗೆಯೇ ನೀರು ಹಿಡಿದಿರುತ್ತವೆ. ಬಣ್ಣ ಬದಲಿಸುವ ಜೆಲ್ಲನ್ನೇ ಕೊಳ್ಳಿ, ಕಿತ್ತಳೆಯಿಂದ ಹಸಿರಾಗುವುದು ಮೇಲು. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಮಕ್ಕಳಿರುವ ಮನೆಗೆ ಒಳ್ಳೆಯದಲ್ಲ. ತುಂಬಿದ ಜೆಲ್ಲನ್ನು ಚೀಲದಿಂದ ಬಿಡಿಸಿ, ಅಡುಗೆಗೆ ಬಳಸದ ತಟ್ಟೆಯಲ್ಲಿ ತೆಳ್ಳಗೆ ಹರಡಿ, 110-120 ಡಿಗ್ರಿಯ ಓವನ್ನಿನಲ್ಲಿ ಎರಡು-ಮೂರು ಗಂಟೆ ಇಟ್ಟರೆ ಮತ್ತೆ ಒಣಗುತ್ತದೆ. ಓವನ್ ಇಲ್ಲದವರು ಬಾಣಲೆಯಲ್ಲಿ ಹುರಿಯಲು ಹೋಗಬೇಡಿ. ತಳದ ಮಣಿಗಳು ಸುಟ್ಟು ಹೀರುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ.

ಕಪಾಟಿಗೆ ಬಲ್ಬ್ ಹಾಕುವುದು ಹಳೆಯ ಉಪಾಯ, ತತ್ವ ಪಕ್ಕಾ. 20 ಡಿಗ್ರಿ, 95% ತೇವದ ಗಾಳಿಯನ್ನು 28 ಡಿಗ್ರಿಗೆ ಬೆಚ್ಚಗೆ ಮಾಡಿದರೆ ನೀರು ಅಷ್ಟೇ ಇದ್ದರೂ ತೇವಾಂಶ 60%ಕ್ಕೆ ಇಳಿಯುತ್ತದೆ. ಸಣ್ಣ ಕಪಾಟಿಗೆ 15ರಿಂದ 25 ವ್ಯಾಟ್ ಸಾಕು. 15 ವ್ಯಾಟಿನದು ಹಗಲೂ ರಾತ್ರಿ ಉರಿದರೆ ತಿಂಗಳಿಗೆ ಹನ್ನೊಂದು ಯೂನಿಟ್ಟಿನೊಳಗೆ ಮುಗಿಯುತ್ತದೆ. ಫಿಲಮೆಂಟ್ ಬಲ್ಬೇ ಬೇಕು, ಎಲ್ಇಡಿಯಿಂದ ಅಷ್ಟು ಕಾವು ಬರುವುದಿಲ್ಲ. ಬಲ್ಬನ್ನು ಕೆಳಗಿನ ಅರೆಯಲ್ಲಿ, ಮರದಿಂದ ಕನಿಷ್ಠ ಆರಿಂಚು ದೂರ, ತಂತಿ ಜಾಲರಿಯೊಳಗೆ ಕೂರಿಸಬೇಕು. ಟರ್ಪೆಂಟೈನ್, ಥಿನ್ನರ್, ಸ್ಪ್ರೇ ಡಬ್ಬಿ ಆ ಕಪಾಟಿನಲ್ಲಿ ಇರಲೇಕೂಡದು.

ನಮ್ಮಲ್ಲಿ ಇದು ಸೋಲುವುದು ಕರೆಂಟಿನ ಮುಂದೆ. ಗಾಳಿಮಳೆಗೆ ತಂತಿಯ ಮೇಲೆ ಒಂದು ಮರ ಬಿದ್ದರೆ ಎರಡು-ಮೂರು ದಿನ ಕತ್ತಲೆ, ತೋಟದ ಒಳಗಿನ ಮನೆಗಳಿಗೆ ಇನ್ನೂ ಹೆಚ್ಚು. ಬಲ್ಬ್ ಆರಿದೊಡನೆ ಕಪಾಟಿನ ಗಾಳಿ ತಣ್ಣಗಾಗಿ ಕುಗ್ಗಿ, ಹೊರಗಿನ ಹಸಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬಲ್ಬಿದೆ ಎಂಬ ಧೈರ್ಯದಲ್ಲಿ ಏನೂ ಹಚ್ಚದೆ ಬಿಟ್ಟ ಅಲಗು ಅಷ್ಟರಲ್ಲೇ ಕೆಡುತ್ತದೆ. ಮೇಣ ಹಚ್ಚಿದ ಮೇಲೆ ಬಲ್ಬ್ ಇದ್ದರೆ ಒಳ್ಳೆಯದು, ಮೇಣದ ಬದಲಿಗೆ ಬಲ್ಬ್ ಬೇಡ. ಇನ್ನೂ ಸೌದೆ ಒಲೆ ಉರಿಯುವ ಮನೆಗಳಲ್ಲಿ ಒಲೆಯ ಮೇಲಿನ ಅಟ್ಟ ಇವೆಲ್ಲಕ್ಕಿಂತ ನಂಬಿಕಸ್ಥ, ಕರೆಂಟಿನ ಹಂಗಿಲ್ಲ. ಹೊಗೆಯ ಮಸಿ ನೇರ ಕೂರದಂತೆ ಹತ್ತಿಬಟ್ಟೆ ಸುತ್ತಿಡಿ.

ಈಗ ಮೇಣ. ಜೇನಿನ ನಾಡಿನಲ್ಲಿ ಒಳ್ಳೆಯ ಮೇಣಕ್ಕೆ ದೂರ ಹೋಗಬೇಕಿಲ್ಲ, ಪೆಟ್ಟಿಗೆ ಇಟ್ಟವರನ್ನು ಕೇಳಿದರೆ ಸಿಗುತ್ತದೆ. ಸೋಸಿದ ಮೇಣವನ್ನೇ ತನ್ನಿ. ಜೇನಿನ ಅಂಶ ಉಳಿದಿದ್ದರೆ ಅದು ನೀರು ಎಳೆಯುತ್ತದೆ. ಅಲಗುಗಳಿಗೆ 30 ಗ್ರಾಂ ಮೇಣಕ್ಕೆ 90-100 ಮಿ.ಲೀ. ಹೊಲಿಗೆ ಮೆಷಿನ್ ಎಣ್ಣೆ, ಇಲ್ಲವೇ ಮೆಡಿಕಲ್ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್. ಮರಕ್ಕೆ ಉಜ್ಜುವ ಭಾಗಗಳಿಗೆ, ಅಂದರೆ ತೋಪಡದ ತಳ, ಗರಗಸದ ಮೈ, ಟೇಬಲ್ ಸಾ ಹಾಸಿಗೆ, ಎಣ್ಣೆಯ ಬದಲು ಅಷ್ಟೇ ಟರ್ಪೆಂಟೈನ್. ಅದು ಹಾರಿಹೋಗಿ ಗಟ್ಟಿ ಮೇಣವಷ್ಟೇ ಉಳಿಯುತ್ತದೆ. ಎಣ್ಣೆಯದಾದರೆ ಸಿಲ್ವರ್ ಓಕ್‌ನಂಥ ತಿಳಿಬಣ್ಣದ ಹಲಗೆಗೆ ಕಲೆ ಬೀಳುತ್ತದೆ.

ಮೇಣ ಕರಗುವುದು 62-65 ಡಿಗ್ರಿಗೆ. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ನೇರ ಉರಿಯ ಮೇಲೆ ಬೇಡ. ಟರ್ಪೆಂಟೈನ್ ಬೆರೆಸುವುದಾದರೆ ಒಲೆ ಪೂರ್ತಿ ಆರಿಸಿ, ಪಾತ್ರೆಯನ್ನು ಹೊರಗೆ ಒಯ್ದು, ಆಮೇಲೆ ಸುರಿಯಬೇಕು. ಆರುವವರೆಗೆ ಕಲಕುತ್ತಿದ್ದರೆ ಗಂಟಾಗುವುದಿಲ್ಲ. ತಣಿದ ಪೇಸ್ಟ್ ಬೆಣ್ಣೆಯ ಹದದಲ್ಲಿರಬೇಕು. ಎಣ್ಣೆಯ ಪೇಸ್ಟ್ ಗಟ್ಟಿಯಾದರೆ ಮತ್ತೆ ಕರಗಿಸಿ ಸ್ವಲ್ಪ ಎಣ್ಣೆ ಸೇರಿಸಿ.

ಮೇಣದಲ್ಲಿ ತಪ್ಪುವುದು ಒಂದೇ ಕಡೆ: ಹಸಿ ಕಬ್ಬಿಣದ ಮೇಲೆ ಹಚ್ಚುವುದು. ಕಣ್ಣಿಗೆ ಒಣಗಿದಂತೆ ಕಂಡರೂ ಜುಲೈನಲ್ಲಿ ಅಲಗಿನ ಮೇಲೆ ನೀರಿನ ಪೊರೆ ಇರುತ್ತದೆ. ಅದರ ಮೇಲೆ ಮೇಣ ಹಚ್ಚಿದರೆ ನೀರು ಒಳಗೇ ಉಳಿದು, ಮೇಣದಡಿಯಲ್ಲೇ ಚುಕ್ಕಿ ಏಳುತ್ತದೆ. ಹೇರ್ ಡ್ರೈಯರ್ ಹಿಡಿದೋ ಒಲೆಯ ಬಳಿ ಇಟ್ಟೋ ಅಲಗನ್ನು ಕೈಗೆ ಬೆಚ್ಚಗೆ ಹತ್ತುವಷ್ಟು ಬಿಸಿ ಮಾಡಿ. ಅಷ್ಟು ಕಾವಿಗೆ ಉಳಿಯ ಹದ ಕೆಡುವುದಿಲ್ಲ. ಥಿನ್ನರಿನಲ್ಲಿ ಒರೆಸಿ, ತೆಳ್ಳಗೆ ಹಚ್ಚಿ, ಹತ್ತು ನಿಮಿಷ ಬಿಟ್ಟು, ಹತ್ತಿಬಟ್ಟೆಯಲ್ಲಿ ಉಜ್ಜಿ ಹೊಳಪು ತರಿಸಿ. ದಪ್ಪಗೆ ಬಳಿದರೆ ಲಾಭವಿಲ್ಲ, ಧೂಳು ಅಂಟುತ್ತದೆ ಅಷ್ಟೆ. ಹೀಗೆ ಹಚ್ಚಿದ ಪಟ್ಟಿ ಕೈಲ್ ಮುಹೂರ್ತದ ದಿನ ಇಳಿಸಿದಾಗ ತೂತು ಕೊರೆದ ಅಂಚಿನಲ್ಲಿ ಮಾತ್ರ ಕಂದಾಗಿತ್ತು, ಅಲ್ಲಿಗೆ ಬಟ್ಟೆ ಮುಟ್ಟಿರಲಿಲ್ಲ. ಬಳಸದ ಉಪಕರಣಕ್ಕೆ ತಿಂಗಳಿಗೊಮ್ಮೆ ಸಾಕು. ಬಳಸಿದ್ದಕ್ಕೆ ಕೆಲಸ ಮುಗಿದಾಗಲೆಲ್ಲ ಅದೇ ಮೇಣದ ಬಟ್ಟೆಯಿಂದ ಒಮ್ಮೆ ಒರೆಸಿಡಿ. ಅಂಟು ಹಾಕುವ ಹಲಗೆಗೆ ಕೊನೆಯ ಸಲ ತೋಪಡ ಹೊಡೆಯುವ ಮುನ್ನ ಮಾತ್ರ ತಳವನ್ನು ಥಿನ್ನರಿನಲ್ಲಿ ಒರೆಸಿಕೊಳ್ಳಿ.

ಯಾವುದನ್ನು ಹಚ್ಚಿದರೂ ಶೆಡ್ಡಿನಲ್ಲಿ ಕೆಲವು ನೆರೆಹೊರೆ ಇರಬಾರದು. ಪೊಟ್ಯಾಷ್ ಗೊಬ್ಬರದ ಚೀಲ ಮೊದಲನೆಯದು. ಅದರ ಧೂಳಿನ ಕ್ಲೋರೈಡ್ ಉಪ್ಪಿನಂತೆಯೇ ಕಬ್ಬಿಣವನ್ನು ತಿನ್ನುತ್ತದೆ. ಇನ್ವರ್ಟರ್ ಬ್ಯಾಟರಿ ಚಾರ್ಜಾಗುವಾಗ ಆಮ್ಲದ ತುಂತುರು ಬಿಡುತ್ತದೆ, ಬ್ಲೀಚಿಂಗ್ ಪೌಡರ್ ಇನ್ನೂ ಕೆಟ್ಟದ್ದು. ಚರ್ಮದ ಒರೆಯಲ್ಲಿ ಕತ್ತಿ, ಉಳಿ ಇಡಬೇಡಿ. ಚರ್ಮ ಹದಮಾಡಿದ ಟ್ಯಾನಿನ್ ತೇವಕ್ಕೆ ಅಲಗನ್ನು ಕಪ್ಪು ಮಾಡುತ್ತದೆ. ಹಸಿ ಮರದ ಸಿಪ್ಪೆ ತೋಪಡದ ಬಾಯಲ್ಲಿ ಉಳಿದರೆ ರಾತ್ರಿಯೊಳಗೆ ಕೆಲಸ ಕೆಡಿಸುತ್ತದೆ.

ಭಾನುವಾರ ಮಾತ್ರ ಶೆಡ್ಡಿಗೆ ಹೋಗುವ, ವಾರವಾರ ಎಣ್ಣೆ ಸವರಲು ಮರೆಯುವ ನನ್ನಂಥವರಿಗೆ ಮೇಣವೇ ಸರಿ. ಒಂದು ಸ್ಪ್ರೇ ಡಬ್ಬಿಯ ದುಡ್ಡಿಗೆ ಎರಡು ಮಳೆಗಾಲಕ್ಕಾಗುವಷ್ಟು ಪೇಸ್ಟ್ ಆಗುತ್ತದೆ. ದಿನವೂ ಕೆಲಸ ಮಾಡುವ ಬಡಗಿಗೆ ಎಣ್ಣೆಬಟ್ಟೆ ಸಾಕು, ಅವರ ಕೈಯೇ ಉಪಕರಣದ ಮೇಲೆ ಓಡಾಡುತ್ತಿರುತ್ತದೆ. ಬಿಟ್‌ಗಳಿಗೆ ಹೆಚ್ಚು ದುಡ್ಡು ಹಾಕಿದವರು ಜೆಲ್ ಡಬ್ಬಿಯನ್ನೂ ಇಟ್ಟುಕೊಳ್ಳಿ. ಮೊದಲ ಕೈ ಹಚ್ಚುವುದನ್ನು ಮೇ ಕೊನೆಯೊಳಗೆ, ಬಿಸಿಲಿರುವ ದಿನ, ಉಪಕರಣವನ್ನೆಲ್ಲ ಕಣದಲ್ಲಿ ಒಂದು ಗಂಟೆ ಕಾಯಿಸಿ ಮಾಡಿ. ಆಗ ಹೇರ್ ಡ್ರೈಯರ್ ಕೂಡ ಬೇಕಾಗುವುದಿಲ್ಲ.